ಮಾರಮ್ಮನ ಹೋತನಿಗೆ, ಹಾಲಿನ ವಿಷಯವಾಗಿ

ಮಾರಮ್ಮನ ಹೆಸರಿನಲ್ಲಿ ಅರಿಸಿನ ಹಚ್ಚಿಸಿಕೊಂಡು ನಮ್ಮೂರಿನ ಎರಡೂ ಬೀದಿಗಳನ್ನು ಭೇದವಿಲ್ಲದೆ ಮೇಯುತ್ತಿರುವ, ಗಡ್ಡದಲ್ಲಿ ಊರ ಹಿರಿಯರನ್ನೂ ವಾಸನೆಯಲ್ಲಿ ಊರ ತಿಪ್ಪೆಯನ್ನೂ ಮೀರಿಸಿರುವ ಶ್ರೀ ಹೋತರಾಯರ ನಾಲ್ಕೂ ಪಾದಗಳಿಗೆ, ಭೀಮನಬೀಡಿನ ಪಕ್ಕದ ಊರಿನ ಕೆಳಗಿನ ಬೀದಿಯಲ್ಲಿ ಆಡಿನ ಹಾಲು ಮಾರಿಕೊಂಡಿರುವ ಸುಂದ್ರಮ್ಮನ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಇಂದು ಬೆಳಿಗ್ಗೆ ತಾನೇ ತಾವು ಹಿಂಗಾಲುಗಳ ಮೇಲೆ ನಿಂತು ನಮ್ಮ ಹಿತ್ತಿಲ ನುಗ್ಗೆಯ ಉಪಾಹಾರ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಇತ್ತ ನಾವು ಮಾತ್ರ ಅಷ್ಟು ಕ್ಷೇಮವಾಗಿಲ್ಲ. ಬರುವ ಮಾಘಮಾಸದ ಮೊದಲ ಮಂಗಳವಾರ ಮಾರಿಹಬ್ಬವೆಂದು ಮೇಲಿನ ಬೀದಿಯವರೂ ಕೆಳಗಿನ ಬೀದಿಯವರೂ ಒಂದೇ ಬಾಯಲ್ಲಿ ಒಪ್ಪಿಬಿಟ್ಟಿದ್ದಾರೆ. ಆ ದಿನ ತಮ್ಮ ಪಾತ್ರವೇನೆಂದು ಬಿಡಿಸಿ ಹೇಳುವ ಧೈರ್ಯ ನನಗಿಲ್ಲ. ಕೆಲವು ಮನೆಗಳ ಮುಂದೆ ಆಗಲೇ ಮಸಾಲೆಗೆಂದು ಕೊತ್ತಂಬರಿ ಬೀಜ ಒಣಹಾಕಿದ್ದಾರೆ, ತಾವು ಹೋಗಿ ಅದನ್ನೂ ಬಾಯಾಡಿಸಿ ಬರುತ್ತಿದ್ದೀರಿ. ತಾವು ಹೊರಟುಹೋದ ಮೇಲೆ ತಮ್ಮ ಮೇಲೆ ದೂರು ಹೇಳುವುದು ಸಭ್ಯತೆಯಲ್ಲವಾದ್ದರಿಂದ, ಬಾಕಿ ಉಳಿದಿರುವ ದೂರುಗಳನ್ನೆಲ್ಲ ಈಗಲೇ ಬಹಿರಂಗವಾಗಿ ಒಪ್ಪಿಸಿಬಿಡೋಣವೆಂದು ಕುಳಿತಿದ್ದೇನೆ. ಮಹಿಳಾ ಸಂಘದ ಕಾರ್ಯದರ್ಶಿಯಾಗಿ ನಾನು ಎಷ್ಟೋ ಅರ್ಜಿ ಬರೆದಿದ್ದೇನೆ, ಒಂದಕ್ಕೂ ಉತ್ತರ ಬಂದಿಲ್ಲ. ತಮ್ಮಿಂದಲೂ ಬಾರದಿದ್ದರೆ ಬೇಸರವಿಲ್ಲ.

ಮೊದಲು ತಮ್ಮ ನೇಮಕಾತಿಯ ವಿಚಾರ. ಇದಕ್ಕೆಲ್ಲ ಮೂಲ ನನ್ನ ಗಂಡ ಪುಟ್ಟಮಾದು ಎಂಬುದನ್ನು ಒಪ್ಪುತ್ತೇನೆ. ಬಂಡೀಪುರದ ಮದ್ದೂರಿನ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿರುವ ಅವರನ್ನು ಒಂದು ದಿನ ಒಂಟಿ ಆನೆ ಅಟ್ಟಿಸಿಕೊಂಡು ಬಂದು ಹೊನ್ನೆಮರ ಹತ್ತಿಸಿತು. ಸಾಯಂಕಾಲದವರೆಗೂ ಕೊಂಬೆಯ ಮೇಲೆ ಕುಳಿತ ಮನುಷ್ಯ, ಜೀವ ಉಳಿಸಿದರೆ ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ಹೋತವನ್ನು ಬಿಡುತ್ತೇನೆಂದು ಮಾರಮ್ಮನಿಗೆ ಹರಕೆ ಹೊತ್ತರು. ಮನೆಗೆ ಬಂದವರು ಕಾಲು ಕೂಡ ತೊಳೆಯದೆ, ನನ್ನನ್ನು ಒಂದು ಮಾತು ಕೇಳದೆ, ಆಗ ಇನ್ನೂ ಕೊಂಬು ಮೂಡುತ್ತಿದ್ದ ತಮ್ಮ ಹಣೆಗೆ ಅರಿಸಿನ ಹಚ್ಚಿ ಕೊರಳಿಗೆ ಬೇವಿನ ಸೊಪ್ಪು ಕಟ್ಟಿದರು. ಒಂದು ತೆಂಗಿನಕಾಯಿಗೆ ಒಪ್ಪಿಕೊಂಡಿದ್ದರೆ ಮಾರಮ್ಮ ಬೇಡವೆನ್ನುತ್ತಿದ್ದಳೇ ಎಂದು ನಾನು ಕೇಳಿದ್ದಕ್ಕೆ, "ಮರುದ್ ಮೇಲ್ ಕುಂತಿದ್ದಾಗ ತೆಂಗಿನ್ಕಾಯಿ ನೆಪ್ಪಿಗೇ ಬರ್ನಿಲ್ಲ ಕಣಮ್ಮಿ" ಎಂದರು. ಆನೆಯ ಮುಂದೆ ಯಾರಿಗೂ ಸಣ್ಣದು ನೆನಪಾಗುವುದಿಲ್ಲ.

ಅಂದಿನಿಂದ ತಾವು ದೇವರ ಹೋತ. ದೇವರ ಹೋತವನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಬೀಜ ಒಡೆಸುವಂತಿಲ್ಲ, ಮಾರುವಂತಿಲ್ಲ, ಬದಲಿ ಕೊಡುವಂತಿಲ್ಲ. ಇಷ್ಟು ಭದ್ರವಾದ ನೌಕರಿ ಸರ್ಕಾರದಲ್ಲೂ ಇಲ್ಲವೆಂದು ನನ್ನ ಗಂಡನೇ ಹೊಟ್ಟೆಕಿಚ್ಚು ಪಡುತ್ತಾರೆ. ಅದರ ಮೇಲೆ ಹಬ್ಬದ ದಿನ ತಂಬಿಟ್ಟಿನ ಆರತಿ ಯಾವ ಬೀದಿಯಿಂದ ಮೊದಲು ಹೊರಡಬೇಕೆಂದು ಎರಡು ಬೀದಿಗಳಿಗೂ ಜಗಳ ಹತ್ತಿ, ಹಬ್ಬ ವರ್ಷ ವರ್ಷವೂ ಮುಂದಕ್ಕೆ ಹೋದದ್ದರಿಂದ, ತಮ್ಮ ಸೇವಾವಧಿ ತಾನಾಗಿಯೇ ವಿಸ್ತರಣೆಯಾಗುತ್ತ ಬಂತು. ಪ್ರಾಣಿಬಲಿ ಅಪರಾಧವೆಂದು ಸರ್ಕಾರದವರು ಗುಡಿಯ ಗೋಡೆಗೆ ಒಂದು ನೋಟೀಸು ಅಂಟಿಸಿ ಹೋಗಿದ್ದರು. ತಮ್ಮನ್ನು ಕಾಪಾಡಬಹುದಾಗಿದ್ದ ಆ ಏಕೈಕ ಕಾಗದವನ್ನು ತಾವು ಅದೇ ಮಧ್ಯಾಹ್ನ ಗೋಂದಿನ ಸಮೇತ ತಿಂದಿರಿ.

ಈಗ ಹಾಲಿಗೆ ಬರುತ್ತೇನೆ. ಹಾಲು ಕುಡಿಯುವವರಿಗೆ ವರ್ಷವಿಡೀ ಹಾಲು ಬೇಕು. ಆಡು ಈದರೆ ನಾಲ್ಕೈದು ತಿಂಗಳು ಕರೆಯುತ್ತದೆ, ಆಮೇಲೆ ಬತ್ತುತ್ತದೆ. ಆದ್ದರಿಂದ ಕೊಟ್ಟಿಗೆಯ ಆಡುಗಳು ಸರದಿಯ ಮೇಲೆ ಈಯಬೇಕು, ಅದಕ್ಕೆ ಸರದಿಯ ಮೇಲೆ ಗಬ್ಬವಾಗಬೇಕು. ಇದು ಯಾವ ಮಕ್ಕಳಿಗೂ ಅರ್ಥವಾಗುವ ಲೆಕ್ಕ. ತಾವೋ, ಮುಂಗಾರಿನ ಮೊದಲ ಹಸಿರು ಮೂಗಿಗೆ ಬಡಿದದ್ದೇ ತಡ, ತುಟಿ ಮೇಲೆತ್ತಿ, ಗಡ್ಡಕ್ಕೆ ತಾವೇ ಅಭ್ಯಂಜನ ಮಾಡಿಕೊಂಡು (ಯಾವುದರಿಂದ ಎಂದು ಪತ್ರದಲ್ಲಿ ಬರೆಯಲಾರೆ), ಇಡೀ ಕೊಟ್ಟಿಗೆಯ ಸಂಸಾರಗಳನ್ನು ಒಂದೇ ವಾರದಲ್ಲಿ ಉದ್ಧಾರ ಮಾಡಿದಿರಿ. ಪರಿಣಾಮವಾಗಿ ಕಾರ್ತಿಕದಲ್ಲಿ ಎಲ್ಲವೂ ಒಟ್ಟಿಗೆ ಈದು, ನಮ್ಮ ಮನೆಯಲ್ಲಿ ಹಾಲಿನ ಹೊಳೆಯೇ ಹರಿಯಿತು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಚಹಾದಂಗಡಿ ಇಟ್ಟಿರುವ ಮಲಯಾಳಿ ಕಾಕಾ ಮೊದಲ ವಾರ ಖುಷಿಯಿಂದ ಕೊಂಡರು, ಎರಡನೆಯ ವಾರ ಮುಖದಾಕ್ಷಿಣ್ಯಕ್ಕೆ ಕೊಂಡರು, ಮೂರನೆಯ ವಾರ ನನ್ನ ಕ್ಯಾನು ಬಸ್ಸಿನಿಂದ ಇಳಿಯುವುದನ್ನು ಕಂಡು ಅಂಗಡಿಯ ಹಿಂಬಾಗಿಲಿನಿಂದ ನಮಾಜಿಗೆ ಹೊರಟರು. ಆಗ ನಮಾಜಿನ ಹೊತ್ತೇ ಆಗಿರಲಿಲ್ಲ. ಉಳಿದ ಹಾಲನ್ನು ಹೆಪ್ಪು ಹಾಕಿದೆ, ಪಾಯಸ ಮಾಡಿದೆ, ಕಡೆಗೆ ಕೋಳಿಗಳಿಗೂ ಹಳೆಯ ಪಾತ್ರೆಯಲ್ಲಿ ಇಟ್ಟು ನೋಡಿದೆ.

ಚೈತ್ರ ಬರುತ್ತಿದ್ದಂತೆ ಎಲ್ಲ ಕೆಚ್ಚಲೂ ಒಟ್ಟಿಗೇ ಬತ್ತಿದವು, ಗಿರಾಕಿಗಳು ಒಟ್ಟಿಗೇ ಬಂದರು. ಚಾಮರಾಜನಗರದ ನಾಟಿ ವೈದ್ಯರಾದ ಮಲ್ಲಿಕಾರ್ಜುನಸ್ವಾಮಿಯವರು ಕೆಮ್ಮಿಗೆ, ಉಬ್ಬಸಕ್ಕೆ, ಹೊಟ್ಟೆಗೆ ಎಲ್ಲಕ್ಕೂ ಆಡಿನ ಹಾಲು ಬರೆದುಕೊಟ್ಟು ಜನರನ್ನು ನನ್ನ ಬಾಗಿಲಿಗೆ ಅಟ್ಟುತ್ತಿದ್ದರು. ವರ್ಷವಿಡೀ ಸಿಗುತ್ತದೆಂದು ಅವರಿಗೆ ಮಾತು ಕೊಟ್ಟಿದ್ದವಳು ನಾನೇ. ಚೊಂಬು ಹಿಡಿದು ಬಂದವರಿಗೆ ನೀರು ಮಜ್ಜಿಗೆ ಕೊಟ್ಟು ಸಮಾಧಾನ ಮಾಡುತ್ತಿದ್ದೆ, ತಾವು ಆ ಹೊತ್ತಿಗೆ ಅವರ ಚೀಲದೊಳಗೆ ಮೂತಿ ಇಟ್ಟು ವೈದ್ಯರ ಚೀಟಿ ತಿನ್ನುತ್ತಿದ್ದಿರಿ.

ಮರುವರ್ಷ ನಾನು ಬುದ್ಧಿವಂತೆಯಾದೆ ಎಂದುಕೊಂಡೆ. ಅರ್ಧ ಆಡುಗಳನ್ನು ಮುಂಗಾರಿಗೆ ತಮಗೊಪ್ಪಿಸಿ, ಇನ್ನರ್ಧವನ್ನು ಚಳಿಗಾಲಕ್ಕೆಂದು ಬಿದಿರಿನ ತಡಿಕೆಯ ಹಿಂದೆ ಕೂಡಿಹಾಕಿದೆ. ನಾನು ಹಾಲು ಕೊಟ್ಟು ಗುಂಡ್ಲುಪೇಟೆಯಿಂದ ಹಿಂದಿರುಗುವಷ್ಟರಲ್ಲಿ ತಡಿಕೆ ನೆಲದ ಮೇಲಿತ್ತು, ತಾವು ಅದರ ಮೇಲೆ ಮಲಗಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದಿರಿ. ತಮ್ಮ ಅಷ್ಟು ಸಂತೃಪ್ತವಾದ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕಾರ್ತಿಕದಲ್ಲಿ ಮತ್ತೆ ಹೊಳೆ, ಕಾಕಾನ ಅಂಗಡಿಯಲ್ಲಿ ಮತ್ತೆ ನಮಾಜು.

ಆ ಸಲ ತಾವು ತಲೆ ಎತ್ತಿ ನೋಡದೆ ಬಿಟ್ಟದ್ದು ಒಬ್ಬಳನ್ನೇ. ಕುಮಾರಿ ಎಂದು ನಾನು ಹೆಸರಿಟ್ಟಿದ್ದ, ಒಂದು ಕಿವಿ ಮುರುಟಿದ, ಸ್ವಲ್ಪ ಕುಂಟುವ ಆಡು. ಗೊಡ್ಡೆಂದು ಅವಳನ್ನು ಸಂತೆಗೆ ಹೊಡೆಯುವವಳಿದ್ದೆ. ಆಗ ತಾವು, ಉಳಿದ ಹೋತಗಳಾಗಿದ್ದರೆ ಚಳಿಗೆ ಮುದುರಿ ಮಲಗುವ ಪುಷ್ಯಮಾಸದಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಅವಳ ಹಿಂದೆ ಊರೆಲ್ಲ ಸುತ್ತಿದಿರಿ. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಜ್ಯೇಷ್ಠದಲ್ಲಿ ಎರಡು ಮರಿ ಹಾಕಿದಳು. ಇಡೀ ಕೊಟ್ಟಿಗೆ ಬತ್ತಿ ಕುಳಿತಿದ್ದಾಗ ಕುಮಾರಿಯೊಬ್ಬಳ ಕೆಚ್ಚಲು ತುಂಬಿತ್ತು.

ಅದೇ ತಿಂಗಳು ಮೇಲಿನ ಬೀದಿಯ ಯಜಮಾನರಾದ ಮರಿಮಲ್ಲಪ್ಪನವರ ಮೊಮ್ಮಗಳು ನಯನಾ ತಾಯಿಹಾಲು ಬಿಟ್ಟಿತು. ಹಸುವಿನ ಹಾಲು ಕುಡಿಸಿದರೆ ವಾಂತಿ, ಎಮ್ಮೆಯ ಹಾಲು ಕುಡಿಸಿದರೆ ಮೈತುಂಬ ದದ್ದು. ಮಗು ಕಡ್ಡಿಯಾಯಿತು. ವೈದ್ಯರು ಆಡಿನ ಹಾಲು ಎಂದರು. ನಮ್ಮ ಕೊಟ್ಟಿಗೆಯ ಮುಂದೆ ಹಾಯುವಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚುತ್ತಿದ್ದ ಅಜ್ಜಿ ಗುರುಮಲ್ಲಮ್ಮನವರು, ಬೆಳ್ಳಿ ಲೋಟ ಹಿಡಿದು ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಕುಮಾರಿಯ ಹಾಲು ಅಷ್ಟೂ ಆ ಲೋಟಕ್ಕೆ ಹೋಯಿತು. ಮಗು ಕುಡಿಯಿತು, ಕಕ್ಕಲಿಲ್ಲ. ಶ್ರಾವಣದ ಹೊತ್ತಿಗೆ ಕೆನ್ನೆ ತುಂಬಿಕೊಂಡು ತಮ್ಮ ಬಾಲ ಹಿಡಿದು ನಡೆಯಲು ಕಲಿಯಿತು. ಬರೆಯಲು ಮನಸ್ಸಿಲ್ಲದಿದ್ದರೂ ಬರೆಯಬೇಕಾಗಿದೆ: ಆ ಹಾಲು ತಮ್ಮ ಅಶಿಸ್ತಿನ ಪುಣ್ಯ.

ಕುಮಾರಿ ಈದ ಆ ಜ್ಯೇಷ್ಠದಲ್ಲೇ ನನಗೆ ಜ್ಞಾನೋದಯವಾದದ್ದು. ಕಟ್ಟಬಾರದ್ದು ತಮ್ಮನ್ನು. ಆಡುಗಳನ್ನು ಕಟ್ಟಬಾರದೆಂದು ಮಾರಮ್ಮ ಎಲ್ಲೂ ಹೇಳಿಲ್ಲ. ಮುಂಗಾರು ಹಿಡಿಯುವ ಮೊದಲೇ ಅರ್ಧ ಆಡುಗಳನ್ನು ಭೀಮನಬೀಡಿನಲ್ಲಿರುವ ನನ್ನ ಅಣ್ಣ ಮಾದಣ್ಣನ ಹೋತವಿಲ್ಲದ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟುಬಂದೆ. ಇಲ್ಲಿ ಉಳಿದವು ಕಾರ್ತಿಕದಲ್ಲಿ ಈದವು, ಈಗ ಅಳತೆಯ ಹಾಲು, ಕಾಕಾ ಹಿಂಬಾಗಿಲನ್ನು ಮರೆತಿದ್ದಾರೆ. ಅಣ್ಣನ ಮನೆಯವು ಮಾಘದಲ್ಲಿ ಇಲ್ಲಿಗೆ ಬಂದು, ತಮ್ಮ ದಯೆಯಿಂದ ಆಷಾಢದಲ್ಲಿ ಈದರೆ, ಮಳೆಗಾಲವಿಡೀ ನಯನಾಳ ಲೋಟ ಖಾಲಿಯಿರುವುದಿಲ್ಲ. ಊರಿನ ಉಳಿದ ಗಂಡುಮರಿಗಳೆಲ್ಲ ಸಂತೆಯ ಪಾಲು ಇಲ್ಲವೇ ಬೀಜ ಒಡೆಸಿಕೊಂಡ ಸಾಧುಗಳು. ಯಾರೂ ಮುಟ್ಟುವಂತಿಲ್ಲದ ಕಾರಣ ಪೂರ್ತಿಯಾಗಿ ಉಳಿದಿರುವವರು ತಾವೊಬ್ಬರೇ.

ಇಷ್ಟೆಲ್ಲ ಸರಿಹೋಗುವಾಗ ಹಾಳಾದ ಒಳ್ಳೆಯತನ ಅಡ್ಡ ಬಂತು. ಮಳೆಗಾಲದಲ್ಲಿ ಹಾಲಿಗೆ ಬರುವ ಕೆಲಸ ಗುರುಮಲ್ಲಮ್ಮನವರಿಂದ ಮರಿಮಲ್ಲಪ್ಪನವರ ಪಾಲಿಗೆ ಬಿದ್ದು, ಅವರು ಮಗುವನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಜಗುಲಿಗೆ ಬರುತ್ತಿದ್ದರು. ಅದೇ ಜಗುಲಿಯ ಇನ್ನೊಂದು ತುದಿಯಲ್ಲಿ ಕೆಳಗಿನ ಬೀದಿಯ ಯಜಮಾನರೂ ನನ್ನ ಮಾವನೂ ಆದ ಮಾದಪ್ಪನವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಒಂದು ದಿನ ಮಗು ಇಳಿದು ಹೋಗಿ ನನ್ನ ಮಾವನ ತೊಡೆ ಹತ್ತಿ "ತಾತ" ಎಂದಿತು. ಆಮೇಲೆ ಇಬ್ಬರೂ ಮಳೆಯ ಮಾತಾಡಿದರು, ರಾಗಿಯ ಮಾತಾಡಿದರು, ಎಲೆ ಅಡಿಕೆ ಹಂಚಿಕೊಂಡರು. ಕಳೆದ ವಾರ ಮರಿಮಲ್ಲಪ್ಪನವರು, "ನಿಮ್ ಬೀದಿ ಆರ್ತಿನೇ ಮೊದ್ಲು ಒಲ್ಡ್ಲಿ ಬುಡು ಮಾದಪ್ಪ, ತಾಯ್ಗೇನ್ ಮೇಲು ಕೆಳಗು" ಎಂದದ್ದು ಒಳಗೆ ಹಾಲು ಸೋಸುತ್ತಿದ್ದ ನನ್ನ ಕಿವಿಗೆ ಬಿತ್ತು. ಊರು ಒಂದಾಯಿತೆಂದು ಕಣ್ಣು ತುಂಬಿ ಬಂತು. ಹೊರಗೆ ಬಂದು ನೋಡಿದರೆ ತಾವು ಮೆಟ್ಟಿಲ ಬಳಿ ನಿಂತು ಮರಿಮಲ್ಲಪ್ಪನವರ ಚಪ್ಪಲಿ ಅಗಿಯುತ್ತಿದ್ದಿರಿ. ಹಬ್ಬ ಎಂದರೆ ಏನೆಂದು ಆಗ ಹೊಳೆಯಿತು.

ತಮ್ಮ ಹಾಲಿನಿಂದಾದ ರಾಜಿ, ಆ ರಾಜಿಯಿಂದ ಹಬ್ಬ, ಹಬ್ಬದಿಂದ ತಾವಿಲ್ಲ, ತಾವಿಲ್ಲದೆ ಆಷಾಢದಲ್ಲಿ ಹಾಲಿಲ್ಲ. ಇದನ್ನು ಮರಿಮಲ್ಲಪ್ಪನವರಿಗೆ ಕೈಮುಗಿದು ವಿವರಿಸಿದೆ. ಅವರದು ಮಾಂಸ ಮುಟ್ಟದ ಮನೆ, ಅವರಿಗೂ ಸಂಕಟವಾಗದೆ ಇರಲಿಲ್ಲ. ಆದರೂ, "ಅರಕೆ ಅಂದ್ರೆ ಅರಕೆ ಕಣವ್ವ, ದೇವ್ರುದ್ನ ಇಟ್ಕಂಡು ನಾವ್ ಆಲ್ ಕುಡ್ಯಕಾದದಾ" ಎಂದರು. ಈಗಲೇ ಆಡುಗಳನ್ನು ಕರೆತರಬಾರದೇ ಎಂದರೆ, ಅವು ಇನ್ನೂ ಬೆದೆಗೆ ಬಂದಿಲ್ಲ, ಹಬ್ಬದ ತಾರೀಕು ನೋಡಿಕೊಂಡು ಬೆದೆಗೆ ಬರುವ ಆಡು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಗಂಡನನ್ನು ಕೇಳಿದರೆ, ಆ ಆನೆ ಇನ್ನೂ ಮದ್ದೂರಿನಲ್ಲೇ ಇದೆ ಎಂದಷ್ಟೇ ಹೇಳಿ ಡ್ಯೂಟಿಗೆ ಹೋದರು.

ಆದ್ದರಿಂದ ನನ್ನ ವಿನಂತಿಗಳನ್ನು ತಮ್ಮಲ್ಲಿಯೇ ಮಾಡುತ್ತಿದ್ದೇನೆ. ಊನವಿರುವುದು ಮಾರಮ್ಮನಿಗೆ ಸಲ್ಲದೆಂಬ ಪದ್ಧತಿ ಇರುವುದರಿಂದ, ಅಮೂಲ್ಯವಾದ ತಮ್ಮ ಕೊಂಬುಗಳಲ್ಲಿ ಒಂದನ್ನು ಸ್ವಂತ ಖುಷಿಯಿಂದ ಮುರಿದುಕೊಳ್ಳಬಹುದೇ ಎಂದು ಪರಿಶೀಲಿಸಬೇಕು. ಓಡಿಹೋಗುವ ಯೋಚನೆ ಇದ್ದರೆ ಬಂಡೀಪುರದ ಕಡೆಗೆ ಬೇಡ, ಅಲ್ಲಿ ಹುಲಿಗಳಿವೆ. ಕೇರಳದ ಲಾರಿಯನ್ನಂತೂ ಹತ್ತಲೇಬೇಡಿ, ಅಲ್ಲಿಯ ಅಡುಗೆಯ ರುಚಿಯನ್ನು ಕಾಕಾ ನನಗೆ ವರ್ಣಿಸಿದ್ದಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಗುಡಿಯ ಮುಂದೆ ತಮ್ಮ ಬೆನ್ನಿಗೆ ತೀರ್ಥ ಹಾಕುತ್ತಾರೆ, ತಾವು ಮೈ ಒದರಿದರೆ ತಾಯಿ ಒಪ್ಪಿದಳೆಂದು ಅರ್ಥ, ಒದರದೆ ನಿಂತರೆ ಯಾರೂ ಮುಟ್ಟುವುದಿಲ್ಲ. ದಯಮಾಡಿ ಮೈ ಒದರಬೇಡಿ. ನಿನ್ನೆ ಅಭ್ಯಾಸ ಮಾಡಿಸೋಣವೆಂದು ಒಂದು ಚೊಂಬು ನೀರು ಹಾಕಿದೆ, ತಾವು ಒದರಿದ ರಭಸಕ್ಕೆ ನನ್ನ ಸೀರೆ ನೆನೆಯಿತು. ತಾವಿಲ್ಲದ ಹಿತ್ತಿಲನ್ನು ನೆನೆದರೆ ನನಗೆ ಅಳು ಬರುತ್ತದೆ ಎಂಬುದನ್ನು ದೂರಿನ ಪತ್ರದಲ್ಲಿ ಬರೆಯಬಾರದಿತ್ತು, ಬರೆದಾಯಿತು. ಮಾರಮ್ಮನಿಗೆ ಬೇರೆಯಾಗಿ ಹೇಳಿಕೊಂಡಿದ್ದೇನೆ, ಅವಳಿಗೂ ಹೆತ್ತವರ ಕಷ್ಟ ಗೊತ್ತಿರಬೇಕು.

ಕಾಗದವನ್ನು ಓದುವ ಮೊದಲೇ ತಿನ್ನಬಾರದಾಗಿ ಕೋರುವ,

ತಮ್ಮ ವಿಶ್ವಾಸಿ,
ಸುಂದ್ರಮ್ಮ

ತಾ.ಕ.: ಮೂರು ದಿನದ ಹಿಂದೆ ಬರೆದ ಈ ಪತ್ರವನ್ನು ಗುಡಿಯ ಗೋಡೆಗೆ ಅಂಟಿಸುವ ಮೊದಲೇ ಒಂದು ಸುದ್ದಿ ಬಂದದ್ದರಿಂದ, ನೇರವಾಗಿ ತಮ್ಮ ಬಾಯಿಗೇ ಕೊಡುತ್ತಿದ್ದೇನೆ. ಹಬ್ಬದ ಅಲಂಕಾರಕ್ಕೆಂದು ಮರಿಮಲ್ಲಪ್ಪನವರು ಬೇಲಿ ಹಾಕಿ ಬೆಳೆದಿದ್ದ ಸೇವಂತಿಗೆಯ ತೋಟಕ್ಕೆ ತಾವು ನಿನ್ನೆ ಪ್ರವೇಶ ಮಾಡಿ ಒಂದು ಮೊಗ್ಗನ್ನೂ ಉಳಿಸಿಲ್ಲ. ಇದು ಕೆಳಗಿನ ಬೀದಿಯವರು ಬೇಕೆಂದೇ ಮಾಡಿಸಿದ್ದೆಂದು ಅವರೂ, ತಾಯಿಯ ಹೂವನ್ನು ತಾಯಿಯ ಹೋತ ತಿಂದರೆ ನಿಮ್ಮ ಗಂಟೇನು ಹೋಯಿತೆಂದು ನನ್ನ ಮಾವನೂ ಕೂಗಾಡಿ, ಆರತಿಯ ಜಗಳ ಮತ್ತೆ ಮೊದಲಿನಿಂದ ಶುರುವಾಗಿ, ಹಬ್ಬ ಬರುವ ವರ್ಷಕ್ಕೆ ಹೋಗಿದೆ. ನಯನಾಳ ಲೋಟ ಮಾತ್ರ ಇವತ್ತೂ ಹಿತ್ತಿಲ ಬಾಗಿಲಿಗೆ ಬಂತು, ನಾಳೆ ಮಾದಣ್ಣ ಆಡುಗಳನ್ನು ಹೊಡೆದುಕೊಂಡು ಬರುತ್ತಾನೆ. ಒಂದೇ ಒಂದು ತೊಡಕು. ತೋಟದ ಬಾಗಿಲಿನ ಕಬ್ಬಿಣದ ಅಗುಳಿಯನ್ನು ಹೋತ ತೆಗೆಯಲು ಸಾಧ್ಯವೇ ಇಲ್ಲವೆಂದು ಮೇಲಿನ ಬೀದಿಯವರು ವಾದಿಸಿದರು. ಸಾಧ್ಯ, ಬಾಯಿಂದ ಹಿಡಿದು ಎಳೆಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆಂದು ಊರೆಲ್ಲರ ಮುಂದೆ ಸಾಕ್ಷಿ ಹೇಳಿ ಬಂದಿದ್ದೇನೆ. ದಯವಿಟ್ಟು ಆದಷ್ಟು ಬೇಗ ಕಲಿತುಕೊಳ್ಳಬೇಕು.