ಹೊಳಿಯಮ್ಮನ ಐದು ಪೊಟ್ಟಣ

ಹೊಳಿಯಮ್ಮ ಆ ಶನಿವಾರ ಊಟದ ಡಬ್ಬಿಯ ಮೇಲಿನ ಬಟ್ಟಲಿಗೆ ಶೇಂಗಾ ಚಟ್ನಿಯ ಬದಲು ತನ್ನ ತಲೆಗೂದಲು ತುಂಬಿಕೊಂಡು ಬಂದದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣ.

ಕೂದಲು ಅಂದರೆ ಐದು ದಿನದ ಕೂದಲು. ದಿನಕ್ಕೊಂದರಂತೆ ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿದ ಐದು ಪೊಟ್ಟಣ. ತಿಂಗಳ ಎರಡನೇ ಶನಿವಾರ ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ಬರುವ ಚರ್ಮದ ಡಾಕ್ಟರಮ್ಮ ಹೋದ ಸಲ ಹಾಗೇ ಹೇಳಿದ್ದರು: "ಬಾಚಿದಾಗ ಉದುರಿದ್ದನ್ನ ಐದು ದಿನ ಬ್ಯಾರೆ ಬ್ಯಾರೆ ಕಟ್ಟಿ ತರ್ರಿ. ಅದನ್ನ ನೋಡೇ ಔಷಧ ಬರೀತೀನಿ. ಅಲ್ಲೀಮಟ ಯಾರ ಮಾತೂ ಕೇಳಿ ಏನೂ ಹಚ್ಚಬ್ಯಾಡ್ರಿ."

ಮನೆಯಲ್ಲಿ ಇಡೋಣವೆಂದರೆ ಅತ್ತೆ ಬಿಡುವವಳಲ್ಲ. ಉದುರಿದ ಕೂದಲನ್ನೆಲ್ಲ ಗೋಡೆಯ ಮಾಡದಲ್ಲಿ ಕೂಡಿಸಿಟ್ಟು, ಓಣಿಗೆ ಬರುವ ಕೂದಲಿನವನಿಗೆ ಕೊಟ್ಟು ಸ್ಟೀಲಿನ ಬಟ್ಟಲು ತೆಗೆದುಕೊಳ್ಳುವುದು ಆಕೆಯ ವ್ಯಾಪಾರ. ಈ ಎರಡು ವರ್ಷದಲ್ಲಿ ಮನೆಗೆ ಬಂದ ಬಟ್ಟಲು ಎಣಿಸಿದರೆ ಸಾಕು, ಹೊಳಿಯಮ್ಮನ ರೋಗ ಎಷ್ಟು ಮುಂದುವರಿದಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಮೊನ್ನೆಯಷ್ಟೇ ಅತ್ತೆ, "ಇನ್ನೊಂದೀಟು ಉದುರಿದ್ರ ಮುಚ್ಚಳಾನೂ ಕೊಡ್ತಾನಂತ" ಎಂದಿದ್ದಳು. ಅದಕ್ಕೇ ಪೊಟ್ಟಣಗಳು ಡಬ್ಬಿ ಸೇರಿದ್ದು.

ಇನ್ನು ಹೊಳಿಯಮ್ಮನ ಕೆಲಸವೋ, ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ಕೂದಲ ಗೋಡೌನಿನಲ್ಲಿ. ಊರೂರಿಂದ ಬಂದ ಕೂದಲ ಉಂಡೆಗಳನ್ನು ಬಿಡಿಸಿ, ಬಾಚಿ, ಉದ್ದ ನೋಡಿ ಜಡೆ ಕಟ್ಟುವುದು. ಎಂಟು ವರ್ಷದಿಂದ ಮಂದಿಯ ಕೂದಲನ್ನು ನೆಟ್ಟಗೆ ಮಾಡಿ ಮಾಡಿ, ತನ್ನ ತಲೆಯಲ್ಲಿ ಮಾತ್ರ ಕಾಲುದಾರಿಯಂತಿದ್ದ ಬೈತಲೆ ಹೊಸಪೇಟೆ ಹೈವೇಯಷ್ಟು ಅಗಲವಾಗಿತ್ತು. ಸೆರಗು ಹೊದ್ದು, ತುರುಬಿನೊಳಗೆ ಗಂಗಾವತಿ ಬಜಾರಿನ ಚೌರಿ ತುಂಬಿ, ಆ ಗುಟ್ಟನ್ನು ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದಳು. ಮೈಮುರಿದು ದುಡಿದದ್ದಕ್ಕಿಂತ ಈ ಒಂದು ಗುಟ್ಟು ಹೊತ್ತದ್ದೇ ಆಕೆಗೆ ಹೆಚ್ಚು ದಣಿವು ತಂದಿತ್ತು.

ಡಾಕ್ಟರಮ್ಮ ನೋಡುವುದು ಇಪ್ಪತ್ತೇ ಮಂದಿಯನ್ನು. ನಂಬರಿನ ಚೀಟಿ ಕೊಡುವುದು ಮಧ್ಯಾಹ್ನ ಮೂರಕ್ಕೆ. ಅದಕ್ಕೇ ಹೊಳಿಯಮ್ಮ ಎರಡೂವರೆಗೆ ಹೊರಡುವಂತೆ ಅರ್ಧ ದಿನ ರಜೆ ಕೇಳಿದ್ದಳು. ಹೇಳಿದ ಕಾರಣ, ಮಗಳ ಶಾಲೆಯಲ್ಲಿ ಮೀಟಿಂಗು.

ಮೊದಲ ಸಂಕಟ ಊಟದ ಹೊತ್ತಿಗೇ ಶುರುವಾಯಿತು. ಪಕ್ಕದಲ್ಲಿ ಕೂಡುವ ತಾಜಬೀಗೆ ಹೊಳಿಯಮ್ಮನ ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಕೇಳುವ ರೂಢಿಯೂ ಇಲ್ಲ. ಸೀದಾ ಡಬ್ಬಿಗೆ ಕೈ ಹಾಕಿದಳು.

"ಅಯ್ಯ, ಬ್ಯಾಡ ಬೇ!" ಹೊಳಿಯಮ್ಮ ಡಬ್ಬಿಯನ್ನು ಕೋಳಿ ಮರಿಯಂತೆ ಸೆರಗಿನೊಳಗೆ ಎಳೆದುಕೊಂಡಳು.

"ಯಾಕಕ್ಕಾ, ಚಟ್ನ್ಯಾಗ ಬಂಗಾರ ಕುಟ್ಟಿ ಹಾಕೀದೇನ?"

"ಚಟ್ನಿ ಅಲ್ಲ. ಅದು... ಪ್ರಸಾದ. ನಮ್ಮತ್ತಿ ಹರಕಿದು."

ಪ್ರಸಾದ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದುರು ಸಾಲಿನ ಮುದುಕಮ್ಮ ತುತ್ತು ನುಂಗಿ ಕೈ ಚಾಚಿದಳು. ಅರವತ್ತರ ಮುದುಕಮ್ಮ ಇಡೀ ಗೋಡೌನಿಗೆ ವೈದ್ಯಳೂ ಹೌದು, ಪೂಜಾರಿಯೂ ಹೌದು.

"ತಾ ಯವ್ವಾ, ಚಿಟಿಕಿ ಬಾಯಾಗ ಹಾಕ್ಕೊಂತೀನಿ."

"ಬಾಯಾಗ ಹಾಕ್ಕೊಳ್ಳೂದಲ್ಲಬೇ ಅದು!"

"ಬಾಯಾಗ ಹಾಕ್ಕೊಳ್ಳಲಾರದ್ದು ಅದೆಂಥಾ ಪ್ರಸಾದ?"

"ಹೊಳ್ಳಿ ದೇವರಿಗೇ ಒಪ್ಪಿಸೂ ಪ್ರಸಾದ," ಎಂದಳು ಹೊಳಿಯಮ್ಮ. ತನ್ನ ಮಾತು ತನಗೇ ಅರ್ಥವಾಗಲಿಲ್ಲ. ಉಳಿದ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿಂದಳು. ಮುದುಕಮ್ಮ ಮಾತ್ರ, ದೇವರು ಕೊಟ್ಟದ್ದನ್ನು ದೇವರಿಗೇ ತಿರುಗಿ ಕೊಡುವ ಮನೆತನ ಯಾವುದಿರಬಹುದೆಂದು ಬಹಳ ಹೊತ್ತು ನೋಡುತ್ತಿದ್ದಳು.

ಎರಡೂವರೆಗೆ ಗೇಟಿಗೆ ಬಂದಳು. ಬೇರೆ ದಿನ ತಪಾಸಣೆ ಎಂದರೆ ವಾಚ್‌ಮನ್ ಕಳಕಪ್ಪ ಕೂತಲ್ಲಿಂದಲೇ "ಏನಿಲ್ಲಲ್ಲ ತಂಗಿ?" ಅನ್ನುವುದು, ಇವರು "ಏನಿಲ್ಲಪ್ಪ" ಅನ್ನುವುದು, ಅಷ್ಟೇ. ಆದರೆ ಆ ವಾರದ ತೂಕದಲ್ಲಿ ಉದ್ದ ಕೂದಲು ಒಂದು ಕಿಲೋ ಕಮ್ಮಿ ಬಂದಿತ್ತಂತೆ. ಸೂಪರ್‌ವೈಸರ್ ದುರ್ಗಾದೇವಿ ತಾನೇ ಕುರ್ಚಿ ಹಾಕಿಕೊಂಡು ಗೇಟಿನಲ್ಲಿ ಕೂತಿದ್ದಳು.

"ಡಬ್ಬಿ ತೆರಿ."

"ಮೇಡಮ್ಮಾರ, ಮೀಟಿಂಗ್ ಹೊತ್ತಾತ್ರಿ..."

"ಡಬ್ಬಿ ತೆರ್ಯಾಕ ಎಷ್ಟೊತ್ತು ಬೇಕು?"

ಬಟ್ಟಲು ತೆರೆಯಿತು. ಪೊಟ್ಟಣ ಬಿಚ್ಚಿತು. ಒಂದಾದ ಮೇಲೊಂದು ಐದೂ ಬಿಚ್ಚಿದವು. ಕಳಕಪ್ಪ ಎದ್ದು ನಿಂತ. ಆತ ಡ್ಯೂಟಿಯ ಮೇಲೆ ಎದ್ದು ನಿಂತದ್ದನ್ನು ನೋಡಿದವರೇ ಇರಲಿಲ್ಲ. ಹಾಗಾಗಿ ಒಳಗಿನವರೆಲ್ಲ ಹಣಿಗೆ ಬಿಟ್ಟು ಓಡಿ ಬಂದರು.

"ಕೂದಲಾ ಕದ್ದಿ?" ಎಂದಳು ದುರ್ಗಾದೇವಿ.

"ಪ್ರಸಾದ ಅಂದಿದ್ದಳಲ್ಲಬೇ!" ಮುದುಕಮ್ಮ ಗಲ್ಲಕ್ಕೆ ಕೈ ಹಚ್ಚಿದಳು.

"ಕದ್ದಿಲ್ರಿ. ನಂದ ಕೂದಲಾ ಅದು."

"ನಿಂದ? ಹಿಡಿ ತುಂಬೂ ತುರುಬು ತಲಿ ಮ್ಯಾಲ ಕುಂತೈತಿ, ಇಷ್ಟು ಎಲ್ಲಿಂದ ಉದುರಿತು?"

ಹೊಳಿಯಮ್ಮ ಸುತ್ತ ನೋಡಿದಳು. ಮೂವತ್ತು ಜೋಡಿ ಕಣ್ಣು. ಕಳ್ಳಿ ಅನ್ನಿಸಿಕೊಂಡರೆ ಕೆಲಸ ಹೋಗುತ್ತದೆ. ಬೋಳಿ ಅನ್ನಿಸಿಕೊಂಡರೆ ಮಾನ ಹೋಗುತ್ತದೆ. ಯಾವುದು ಹೋದರೂ ಸರಿ, ಮೂರರೊಳಗೆ ಹೋಗಬೇಕಷ್ಟೇ ಅನ್ನುವಷ್ಟು ಆಕೆ ದಣಿದಿದ್ದಳು. ಸೆರಗು ಸರಿಸಿ, ಪಿನ್ನು ಕಿತ್ತು, ತುರುಬು ಬಿಚ್ಚಿದಳು. ಚೌರಿ ಸತ್ತ ಹೆಗ್ಗಣದಂತೆ ದುರ್ಗಾದೇವಿಯ ಕಾಲ ಹತ್ತಿರ ಬಿತ್ತು. ಉಳಿದದ್ದು ನಿಂಬೆಹಣ್ಣಿನಷ್ಟು ಗಂಟು.

ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

ದುರ್ಗಾದೇವಿ ಬಗ್ಗಿ ಚೌರಿ ಎತ್ತಿಕೊಂಡಳು. "ಒಂದು ಕಿಲೋ ಎಲ್ಲಿ ಹೋಗಿತ್ತಂದ್ರ ಇಲ್ಲಿ ಕುಂತಿತ್ತು."

"ಅದು ಬಜಾರದ್ದರಿ! ನೈಲಾನ್ ಐತ್ರಿ!"

"ನೋಡೇ ಬಿಡೂಣು." ಕಳಕಪ್ಪನ ಬೆಂಕಿಪೊಟ್ಟಣ ಬಂತು. ದುರ್ಗಾದೇವಿ ಒಂದು ಎಳೆ ಕಿತ್ತು ಕಡ್ಡಿ ಗೀರಿದಳು. ಎಳೆ ಕರಗಿ ಸಾಸಿವೆ ಕಾಳಿನಂಥ ಕರೀ ಹನಿಯಾಯಿತು. ಎಲ್ಲರೂ ಮೂಗು ಮುಂದೆ ಮಾಡಿ ವಾಸನೆ ನೋಡಿದರು.

"ನೈಲಾನೇ," ಎಂದಿತು ಗುಂಪು, ಪಂಚರು ತೀರ್ಪು ಕೊಟ್ಟಂತೆ.

ಅಲ್ಲಿಗೆ ಕಳ್ಳಿ ಎಂಬ ಮಾತು ಹೋಯಿತು, ಔಷಧಗಳು ಬಂದವು.

"ಉಳ್ಳಾಗಡ್ಡಿ ರಸ ಹಚ್ಚಬೇ, ನಮ್ಮ ಬೀಗತಿಗಿ ಮೊಣಕಾಲತನಕ ಬಂತು," ಎಂದಳು ಮುದುಕಮ್ಮ.

"ಕೂದಲನೋ, ವಾಸನಿನೋ?" ಎಂದಳು ತಾಜಬೀ. "ಅಕ್ಕಾ, ನೀ ಕರಿಬೇವು ಎಣ್ಣ್ಯಾಗ ಕುದಿಸು."

ಹೋದ ವರ್ಷ ಕೆಲಸಕ್ಕೆ ಸೇರಿದ ಅಮೃತಾ ಮೊಬೈಲು ತಂದು ಮೂಗಿಗೆ ಹಿಡಿದಳು. "ಈ ಎಣ್ಣಿ ನೋಡಕ್ಕಾ, ಈಕಿಗೆ ಏಳ ದಿನದಾಗ ಹೆಂಗ ಬಂದೈತಿ."

"ಬೋರಿನ ನೀರು ತಲಿಗೆ ಹಾಕ್ಕೊಳ್ಳೂದು ಬಿಡ್ರಿ ಮದಲ," ಎಂದ ಕಳಕಪ್ಪ ಟೋಪಿ ಸರಿಪಡಿಸಿಕೊಳ್ಳುತ್ತ.

"ನನಗ ಡಾಕ್ಟರ ಅದಾರ್ರಿ," ಹೊಳಿಯಮ್ಮ ಸುಸ್ತಾಗಿ, ಹೋದ ಸಲ ದವಾಖಾನೆಯಲ್ಲಿ ಕೊಟ್ಟ ಚೀಟಿಯನ್ನು ಬ್ಲೌಸಿನಿಂದ ತೆಗೆದಳು. "ಅವರ ಹೇಳ್ಯಾರ ಪೊಟ್ಟಣ ತಾ ಅಂತ. ಇದನ್ನೂ ಓದಿಬಿಡ್ರಿ."

ದುರ್ಗಾದೇವಿ ಗಟ್ಟಿಯಾಗಿ ಓದಿದಳು. ಬಸ್ ನಿಲ್ದಾಣದ ಹಿಂದಿನ ದವಾಖಾನೆ. ಎರಡನೇ ಶನಿವಾರ ಮಾತ್ರ. ಮೂರಕ್ಕೆ ಚೀಟಿ. ಇಪ್ಪತ್ತು ಮಂದಿ. ಹೆಂಗಸರ ಕೂದಲು ಉದುರುವುದಕ್ಕೆ ವಿಶೇಷ ಚಿಕಿತ್ಸೆ.

ಎಲ್ಲರೂ ಚೀಟಿಯತ್ತ ಕತ್ತು ಚಾಚಿದರು. ಕರಿಬೇವೂ ನಿಂತಿತು, ಉಳ್ಳಾಗಡ್ಡಿಯೂ ನಿಂತಿತು.

"ನಾ ಹೋಗ್ಲೇನ್ರಿ?"

"ತಡಿ," ಎಂದಳು ದುರ್ಗಾದೇವಿ. "ಗೇಟಿನ್ಯಾಗ ಮಾಲು ಸಿಕ್ಕೈತಿ ಅಂದ ಮ್ಯಾಲ ಬರವಣಿಗಿ ಬೇಕು. 'ಇದು ನನ್ನ ಸ್ವಂತ ತಲೆಯ ಕೂದಲು' ಅಂತ ಬರದು ಮ್ಯಾನೇಜರ್ ಸಹಿ ತಗೊಂಡು ಹೋಗು. ಉಂಡು ಬರ್ತಾರ, ಐದ ಮಿನಿಟು."

ಐದು ಮಿನಿಟು ಎಂದರೆ ನಲವತ್ತು. ಹೊಳಿಯಮ್ಮ ಆಫೀಸಿನ ಸ್ಟೂಲಿನ ಮೇಲೆ ತುರುಬಿಲ್ಲದ ತಲೆಗೆ ಸೆರಗು ಹೊದ್ದು ಕೂತಳು. ಬಾಗಿಲಿನಿಂದ ಕಾಣುತ್ತಿತ್ತು: ತಾಜಬೀ ಹೊಟ್ಟೆ ಹಿಡಿದುಕೊಂಡು ಹೊರಟಳು. ಮುದುಕಮ್ಮ ಚಪ್ಪಲಿ ಹುಡುಕಿದಳು. ಅಮೃತಾ ಫೋನಿನಲ್ಲಿ ಮಾತಾಡುತ್ತಲೇ ಗೇಟು ದಾಟಿದಳು. ಇಬ್ಬಿಬ್ಬರು, ಮೂರ್ಮೂರು ಮಂದಿ. "ಹೊಂಟರು, ಓಣಿ ಓಣಿಗೆ ಸುದ್ದಿ ಹಂಚಾಕ," ಅಂದುಕೊಂಡಳು ಹೊಳಿಯಮ್ಮ. ಅಳು ಬರಲಿಲ್ಲ, ಆಕಳಿಕೆ ಬಂತು. ಸಂಜೆಯೊಳಗೆ ಅತ್ತೆಗೂ ತಿಳಿಯುತ್ತದೆ. ತಿಳಿಯಲಿ. ಔಷಧವೊಂದು ಕೈಗೆ ಸಿಕ್ಕರೆ ಸಾಕು.

ಮ್ಯಾನೇಜರು ಬಂದು, ಕಾಗದವನ್ನು ಎರಡು ಸಲ ಓದಿ, "ಎಲ್ಲಾ ನಿಂದ ಏನವಾ?" ಎಂದು ಕೇಳಿ ಸಹಿ ಹಾಕಿದರು. ಷೇರ್ ಆಟೋ ಏಳು ಮಂದಿ ತುಂಬುವತನಕ ಅಲ್ಲಾಡಲಿಲ್ಲ. ದವಾಖಾನೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ಮಿನಿಟು.

ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ಮೊದಲ ಬೆಂಚಿನಲ್ಲಿ ತಾಜಬೀ, ಹೊಟ್ಟೆನೋವಿನ ಸುಳಿವೇ ಇಲ್ಲ, ಬುರ್ಖಾ ಹಿಂದೆ ಸರಿಸಿ ಹಣೆ ಮೇಲಿನ ಬಯಲನ್ನು ಪಕ್ಕದವಳಿಗೆ ತೋರಿಸುತ್ತಿದ್ದಳು. ಮುದುಕಮ್ಮ ಕೈಯಲ್ಲಿ ಹನ್ನೊಂದನೇ ನಂಬರು. ಅಮೃತಾ ಎರಡು ಬೆರಳಲ್ಲಿ ತನ್ನ ಜಡೆಯ ದಪ್ಪ ಅಳೆಯುತ್ತಿದ್ದಳು. ಅವರ ಹಿಂದೆ ಜಡೆ ಕಟ್ಟುವ ಸಾಲಿನವರು, ತೂಕದವರು, ಇಡೀ ಗೋಡೌನು. ಮೂಲೆಯಲ್ಲಿ ಶಾಲು ಮುಸುಕು ಹಾಕಿಕೊಂಡು ಗೋಡೆ ಕಡೆ ಮುಖ ಮಾಡಿದವಳು, ಧ್ವನಿ ಕೇಳಿದ ಮೇಲೆ ಗೊತ್ತಾಯಿತು, ದುರ್ಗಾದೇವಿ.

"ಇಪ್ಪತ್ತು ಮುಗದಾವ್ರಿ," ಎಂದಳು ಚೀಟಿ ಕೊಡುವ ಹುಡುಗಿ. "ಮುಂದಿನ ತಿಂಗಳ ಬರ್ರಿ."

"ನಾ ಹೋದ ತಿಂಗಳ ಬಂದಾಕಿರಿ! ಪೊಟ್ಟಣ ತಂದೀನಿ!"

"ಅದ ಮತ್ತ," ಮುದುಕಮ್ಮ ಚೀಟಿಯನ್ನು ಮುಷ್ಟಿಯೊಳಗೆ ಬಿಗಿಮಾಡಿ ಹೇಳಿದಳು. "ನಿನಗ ಒಮ್ಮೆ ತೋರಿಸಿ ಆಗೈತಿ. ನಮಗ ಇದ ಮದಲನೇದು."

"ನಿಮ್ಮ ಬೀಗತಿಗಿ ಉಳ್ಳಾಗಡ್ಡಿಲೆ ಮೊಣಕಾಲತನಕ ಬಂದಿತ್ತಲ್ಲ?"

"ಆಕಿ ಬೀಗತಿ, ಯವ್ವಾ. ಇದು ನನ್ನ ತಲಿ."

"ಹೆಂಗಾರ ಆಗ್ಲಿ ಅಕ್ಕಾ," ತಾಜಬೀ ಕೈ ಹಿಡಿದಳು, ಕಣ್ಣಲ್ಲಿ ನಿಜವಾದ ನೀರು. "ಇವತ್ತ ನೀ ತುರುಬು ಬಿಚ್ಚದಿದ್ರ ನಾವು ಯಾರೂ ಬರ್ತಿದ್ದಿಲ್ಲ. ನಿನಗ ಭಾಳ ಪುಣ್ಯ ಐತಿ." ಆದರೆ ತನ್ನ ಒಂಬತ್ತನೇ ನಂಬರು ಮಾತ್ರ ಕೊಡಲಿಲ್ಲ.

ಶಾಲಿನೊಳಗಿಂದ ದುರ್ಗಾದೇವಿ ಕೆಮ್ಮಿದಳು. "ಹೊಳಿಯಮ್ಮ, ನಿನಗ ಡಾಕ್ಟರು ಸಿಗಲಿಲ್ಲಂದ್ರ ರಜಾ ಯಾತಕ್ಕ? ಸಂಜೀಕ ಮಾಲು ಹೋಗೂದೈತಿ, ಗೋಡೌನ್ಯಾಗ ಒಂದು ನರಪಿಳ್ಳಿ ಇಲ್ಲ. ಲಗೂನ ಹೋಗಿ ಕೂಡು ನಮ್ಮವ್ವ."

ಹೊಳಿಯಮ್ಮ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಜಗಳಾಡುವುದಕ್ಕೂ ಬಲ ಬೇಕಲ್ಲ. ಅದೇ ಆಟೋ ಹಿಡಿದು ಹೊಳ್ಳಿ ಬಂದಳು. ಮೂವತ್ತು ಮಣೆ ಖಾಲಿ, ನಡುವೆ ಗುಡ್ಡದಂಥ ಕೂದಲು, ಅದರ ಮುಂದೆ ಒಬ್ಬಳೇ.

ಕಳಕಪ್ಪ ಗೇಟು ಬಿಟ್ಟು ಹತ್ತಿರ ಬಂದು, ಅತ್ತ ಇತ್ತ ನೋಡಿ ಟೋಪಿ ತೆಗೆದ. ಬೋಳು ತಲೆ, ತೊಳೆದ ತಾಟಿನಂತೆ ಹೊಳೆಯಿತು.

"ತಂಗಿ, ಆ ಡಾಕ್ಟರಮ್ಮ ಗಂಡಸರನ್ನೂ ನೋಡ್ತಾರೇನ?"

"ನೋಡಬೌದು," ಎಂದಳು ಹೊಳಿಯಮ್ಮ ಉಂಡೆಯೊಂದನ್ನು ಬಿಡಿಸುತ್ತ. "ಆದ್ರ ಮುಂದಿನ ತಿಂಗಳ ಯಾವಾಗ ಅಂತ ನಾ ಯಾರಿಗೂ ಹೇಳೂದಿಲ್ಲ."

"ನೀ ಯಾಕ ಹೇಳಬೇಕವಾ? ಎರಡನೇ ಶನಿವಾರ. ಮೇಡಮ್ಮಾರು ಓದಿದಾಗ ಕೇಳೀನಿ." ಕಳಕಪ್ಪ ಟೋಪಿ ಹಾಕಿಕೊಂಡ. "ನನ್ನ ತಮ್ಮಗೂ ಹೇಳೀನಿ, ಬೀಗರಿಗೂ ಹೇಳೀನಿ. ಅವತ್ತ ಮುಂಜಾನಿ ಆರಕ್ಕ ಹೋಗಿ ನಿಲ್ತೀವಿ."