ಊರಿಗೆ ಹೋದವರ ಬಾಲ್ಕನಿ

ಎಲ್ಲ ತಾಪತ್ರಯಕ್ಕೂ ಮೂಲ ಆ ಬಾಲ್ಕನಿ. ರಾಷ್ಟ್ರೀಯ ದಿನದ ಸಂಜೆ ಬ್ಯಾಂಡು, ಬಾವುಟ, ಕುದುರೆ ಸವಾರರ ಮೆರವಣಿಗೆ ಹೋಗುವುದು ಅದರ ಕೆಳಗಿನ ರಸ್ತೆಯಲ್ಲೇ. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಆ ದಿನ ಇಡೀ ಕಟ್ಟಡ ಕನ್ನಡಕದಂಗಡಿ ಗುಮಾಸ್ತನ ಮನೆಗೆ ಬಂದು ಠಿಕಾಣಿ ಹೂಡುತ್ತಿತ್ತು. ಬಂದವರಿಗೆ ತಿಂಡಿ, ಶರಬತ್ತು, ಮಕ್ಕಳಿಗೆ ಐಸ್‌ಕ್ರೀಮು. ಕಟ್ಟಡದವರ ದೇಶಪ್ರೇಮದ ಖರ್ಚೆಲ್ಲ ಅವನೊಬ್ಬನ ತಲೆ ಮೇಲೆ.

ಈ ಸಲ ಅವನು ಮನಸ್ಸು ಗಟ್ಟಿ ಮಾಡಿದ. ಆ ದುಡ್ಡಿಗೆ ಹೊಸ ಫ್ಯಾನ್ ತರಬೇಕು. ಹಳೆಯದು ತಿರುಗುವುದಕ್ಕಿಂತ ನರಳುವುದೇ ಹೆಚ್ಚು. ಉಬ್ಬಸದ ಹೆಂಡತಿ ಸೆಕೆ ತಾಳಲಾರದೆ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಳು.

"ಸಂಸಾರ ಸಮೇತ ಊರಿಗೆ ಹೋಗ್ತಿದೀವಿ, ಬರೋದು ನಾಳಿದ್ದು" ಎಂದು ಕಟ್ಟಡದ ತುಂಬ ಸಾರಿದ. ಬೆಳಿಗ್ಗೆ ಎಲ್ಲರೆದುರೇ ಮುಂಬಾಗಿಲಿಗೆ ಬೀಗ ಜಡಿದು, ಹೆಂಡತಿ ಮಗಳ ಜೊತೆ ಚೀಲ ಹೊತ್ತು ಹೊರಟ. ಬೀದಿಯನ್ನೊಂದು ಸುತ್ತು ಹಾಕಿ, ಹಿಂದಿನ ಮೆಟ್ಟಿಲು ಹತ್ತಿ, ಅಡುಗೆಮನೆ ಬಾಗಿಲಿನಿಂದ ತನ್ನ ಮನೆಗೆ ತಾನೇ ಕಳ್ಳನ ಹಾಗೆ ನುಗ್ಗಿದ.

ಹಬ್ಬ ಶುರುವಾಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಮನೆ ಒಲೆಯ ಮೇಲಿಟ್ಟ ಹಂಚಿನಂತೆ ಕಾದಿತ್ತು. ಮಗಳು ಕಾಗದದ ಬಾವುಟ ಹಿಡಿದು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು.

"ಅಪ್ಪಾ, ಜೈ ಅನ್ಲಾ?"

"ಮನಸ್ಸಲ್ಲೇ ಅಂದ್ಕೊ ಪುಟ್ಟಿ."

ಬಿಸಿಲು ಇಳಿಯುವ ಹೊತ್ತಿಗೆ ನರಳುತ್ತಿದ್ದ ಫ್ಯಾನೂ ನಿಂತಿತು. ಮೆಟ್ಟಿಲ ಮೇಲೆ ರಿಟೈರಾದ ಪೋಸ್ಟ್‌ಮಾಸ್ತರರ ದನಿ ಕೇಳಿಸಿತು. ಕೆಲಸ ಬಿಟ್ಟಂದಿನಿಂದ ಕಟ್ಟಡದ ಕರೆಂಟು ಮೀಟರುಗಳನ್ನು ನೋಡಿಕೊಂಡು ಬರುವುದೇ ಅವರ ಕಾಲಕ್ಷೇಪ.

"ಮನೇಲಿ ಯಾರೂ ಇಲ್ಲ, ಮೀಟ್ರು ಮಾತ್ರ ಗಿರಗಿರ ತಿರುಗ್ತಿತ್ತು. ಫ್ಯಾನ್ ಆರಿಸೋದು ಮರೆತು ಹೋಗಿದಾನೆ ಪಾಪ. ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡಿದೀನಿ. ಬಂದ ಮೇಲೆ ಕೇಳಿದ್ರೆ ಕೊಟ್ರಾಯ್ತು."

ಇಂಥ ಉಪಕಾರಿಗಳನ್ನು ಶಪಿಸುವುದಕ್ಕೂ ಬಾಯಿ ಬರುವುದಿಲ್ಲ. ಫ್ರಿಜ್ಜೂ ನಿಂತಿತೆಂದು ಹೆಂಡತಿ ಇದ್ದಬದ್ದ ಐಸನ್ನೆಲ್ಲ ಮೂರು ಲೋಟ ಶರಬತ್ತಿಗೆ ಹಾಕಿ, ನಡುಮನೆಯಲ್ಲಿ ಹಾಸಿದ ಜಮಖಾನದ ಮೇಲಿಟ್ಟಳು. ಕೈ ಇನ್ನೂ ಲೋಟಕ್ಕೆ ಹೋಗಿರಲಿಲ್ಲ, ಮುಂಬಾಗಿಲ ಬೀಗದಲ್ಲಿ ಕೀ ತಿರುಗಿದ ಸದ್ದಾಯಿತು.

"ಕೀ ಯಾರ ಹತ್ರ ಇದೆ?" ಅವನು ದನಿ ತಗ್ಗಿಸಿ ಕೇಳಿದ.

"ಎದುರುಮನೆ ಅಕ್ಕನ ಹತ್ರ. ನಾನೇ ಕೊಟ್ಟೆ."

"ಯಾಕೆ?"

"ಊರಿಗೆ ಹೋಗುವಾಗೆಲ್ಲ ಗಿಡಕ್ಕೆ ನೀರು ಹಾಕೋಕೆ ಅಂತ ಕೊಡ್ತೀನಲ್ಲ. ಈ ಸಲ ಕೊಡದೆ ಇದ್ರೆ ಅನುಮಾನ ಬರಲ್ವಾ?"

ಲೋಟಗಳನ್ನು ಅಲ್ಲೇ ಬಿಟ್ಟು ಮೂವರೂ ಮಲಗುವ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡರು.

ಬಂದದ್ದು ಅಕ್ಕ ಒಬ್ಬಳೇ ಅಲ್ಲ. ಪಾತ್ರೆಗಳ ಸದ್ದು, ಕುರ್ಚಿ ಎಳೆದ ಸದ್ದು, ಮಕ್ಕಳ ಗಲಾಟೆ. "ಅವರಿಲ್ಲದಿದ್ರೇನು, ಬಾಲ್ಕನಿ ಇದೆಯಲ್ಲ" ಎಂದರು ಯಾರೋ. ಮರುಗಳಿಗೆಯಲ್ಲೇ ನಡುಮನೆ ಗಪ್‌ಚಿಪ್. ಮೆರವಣಿಗೆ ಬಂದಿರಬೇಕು, ಎಲ್ಲರೂ ಬಾಲ್ಕನಿಗೆ ಹೋದರು ಎಂದು ಅವನು ಉಸಿರು ಬಿಟ್ಟ. ಆದರೆ ಬ್ಯಾಂಡಿನ ಸದ್ದು ಇನ್ನೂ ಎಲ್ಲೋ ದೂರದಲ್ಲಿತ್ತು.

ಸ್ವಲ್ಪ ಹೊತ್ತಿಗೆ ಅಕ್ಕನ ದನಿ ಕೇಳಿತು, ಬೇಕಾದ್ದಕ್ಕಿಂತ ಕೊಂಚ ಜೋರಾಗಿಯೇ.

"ಮಾಸ್ತರೇ, ಈ ಹೊಸ ಫ್ಯಾನ್ ಏನು ಮಾಡೋಣ? ವರ್ಷಾವರ್ಷ ಇಲ್ಲೇ ತಿಂದು ಕುಡಿದು ಹೋಗ್ತೀವಿ, ಅವನ ಹೆಂಡತಿ ಉಬ್ಬಸ ನೋಡೋಕಾಗಲ್ಲ ಅಂತ ಎಲ್ಲರೂ ಸೇರಿ ತಂದದ್ದು. ಈ ಸಲ ಅಡುಗೆನೂ ನಾವೇ ಮಾಡ್ಕೊಂಡು ಬಂದಿದೀವಿ. ಅವರು ನೋಡಿದ್ರೆ ಊರಿಗೆ ಹೋಗಿದಾರೆ."

"ಇಲ್ಲದವರಿಗೆ ಹೇಗೆ ಕೊಡೋದಮ್ಮ?" ಮಾಸ್ತರರೂ ದನಿ ಏರಿಸಿದರು. "ವಾಚ್‌ಮನ್ ಆ ಗೂಡಲ್ಲಿ ಬೆಂದುಹೋಗ್ತಿದಾನೆ. ಅವನಿಗೇ ಕೊಟ್ಬಿಡೋಣ."

ಗುಮಾಸ್ತನ ಕೈ ಚಿಲಕಕ್ಕೆ ಹೋಯಿತು. ಹೆಂಡತಿ ಹಿಡಿದುಕೊಂಡಳು.

"ಹೊರಗೆ ಹೋಗಿ ಏನಂತೀರಿ?"

ಅವನು ಚಿಲಕ ಬಿಟ್ಟು ಮಂಚದ ಮೇಲೆ ಕೂತ. ಮಗಳು ಕಾಗದದ ಬಾವುಟದಿಂದ ಅಮ್ಮನಿಗೆ ಗಾಳಿ ಬೀಸುತ್ತಾ ಕೂತಳು. ಕೆಳಗೆ ಬ್ಯಾಂಡು ಬಂತು, ಕುದುರೆಗಳು ಹೋದವು, ಬಾಲ್ಕನಿಯವರು ಜೈಕಾರ ಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಬೀಗ ಅದುಮಿದ ಸದ್ದು ಕೇಳಿದ ಮೇಲೂ ತುಂಬಾ ಹೊತ್ತು ಕಾದು ಅವನು ಬಾಗಿಲು ತೆರೆದ.

ನಡುಮನೆ ಗುಡಿಸಿ ಚೊಕ್ಕಟವಾಗಿತ್ತು. ಜಮಖಾನದ ಮೇಲೆ ಮುಚ್ಚಿಟ್ಟ ತಟ್ಟೆಗಳಿದ್ದವು. ಪಕ್ಕದಲ್ಲಿ ಅವರವೇ ಶರಬತ್ತಿನ ಲೋಟಗಳು. ಅವುಗಳಲ್ಲಿ ಯಾರೋ ಹೊಸದಾಗಿ ಐಸ್ ಹಾಕಿದ್ದರು.

"ಅಪ್ಪಾ, ಸರಿಯಾಗಿ ಮೂರೇ ತಟ್ಟೆ ಇಟ್ಟಿದಾರೆ" ಎಂದಳು ಮಗಳು. ಈಗ ಯಾರೂ ಅವಳಿಗೆ ಮೆಲ್ಲಗೆ ಮಾತಾಡು ಎನ್ನಲಿಲ್ಲ.

ತಟ್ಟೆಗಳ ನಡುವೆ ಅಕ್ಕನ ಹತ್ತಿರ ಇರುತ್ತಿದ್ದ ಮನೆ ಕೀ ಇತ್ತು. ಗಿಡಗಳಿಗೆ ನೀರು ಹಾಕಿರಲಿಲ್ಲ.

ಕತ್ತಲಾಯಿತು. ಸೆಕೆ ಇಳಿಯಲಿಲ್ಲ. ಹೆಂಡತಿ ಗೋಡೆಗೊರಗಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಫ್ಯೂಸು ಇನ್ನೂ ಮಾಸ್ತರರ ಜೇಬಿನಲ್ಲೇ ಇತ್ತು. ಬಂದ ಮೇಲೆ ಕೇಳಿದರೆ ಕೊಡುತ್ತೇನೆ ಎಂದಿದ್ದರು. ಗುಮಾಸ್ತ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆ ಬಾಗಿಲವರೆಗೆ ಹೋಗಿ ನಿಂತ. ಅವನು ಊರಿಂದ ಬರುವುದು ನಾಳಿದ್ದು.