ವಯೋಮಿಂಗಿನ ಎಣಿಕೆ ಮುಗಿಯುವವರೆಗೆ

ನಮ್ಮ ದೊಡ್ಡಮ್ಮನಿಗೆ ಅಮೆರಿಕದಲ್ಲಿ ಹೇಳಿಕೊಳ್ಳಲು ಒಬ್ಬ ನೆಂಟನೂ ಇಲ್ಲ. ಆದರೂ ಅಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ದಿಲ್ಲಿ ಪಕ್ಕದ ನಮ್ಮ ಇಡೀ ಇಂದಿರಾಪುರಂನಲ್ಲಿ ಅವಳಷ್ಟು ತಲೆ ಕೆಡಿಸಿಕೊಳ್ಳುವವರು ಇನ್ನೊಬ್ಬರು ಸಿಗಲಾರರು. ಯಾರು ಗೆದ್ದರು, ಯಾರು ಸೋತರು ಎಂಬುದು ಅವಳಿಗೆ ಬೇಕಿಲ್ಲ. ಅವಳ ಕಣ್ಣೆಲ್ಲ ವಯೋಮಿಂಗ್ ಎಂಬ ಒಂದೇ ಒಂದು ರಾಜ್ಯದ ಮೇಲೆ.

ವಯೋಮಿಂಗ್ ಎಲ್ಲಿದೆ ಎನ್ನುತ್ತೀರಾ? ನಾನೂ ಹಾಗೇ ಕೇಳಿದ್ದೆ. ಅಮೆರಿಕದ ನಕ್ಷೆಯಲ್ಲಿ, ಬಿಡಿಸುವವನಿಗೆ ಬೇಸರ ಬಂದು ಸ್ಕೇಲಿಟ್ಟು ಗೆರೆ ಎಳೆದುಬಿಟ್ಟ ಹಾಗೆ ನೆಟ್ಟಗೆ ಚೌಕಾಕಾರದಲ್ಲಿ ಕೂತಿದೆ. ಅಲ್ಲಿ ಜನಕ್ಕಿಂತ ದನಗಳೇ ಹೆಚ್ಚಂತೆ. ಯಾವ ಪಕ್ಷಕ್ಕೆ ಅಲ್ಲಿಯವರು ವೋಟು ಹಾಕುತ್ತಾರೆ ಎಂಬುದು ಹಾಕುವ ಮೊದಲೇ ಊರಿಗೆಲ್ಲ ಗೊತ್ತು. ಹಾಗಾಗಿ ಅಲ್ಲಿಗೆ ಅಭ್ಯರ್ಥಿಗಳೂ ಹೋಗುವುದಿಲ್ಲ, ಟೀವಿಯವರೂ ಹೋಗುವುದಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಟವರಿನ ಕೆಳಗೆ ಬಿಸಿಲಿಗೆ ಕೂರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನರ ಮೊಮ್ಮಕ್ಕಳು ನ್ಯೂಜೆರ್ಸಿಯಲ್ಲಿದ್ದಾರೆ. ಅವರಲ್ಲೊಬ್ಬರು ತಡೆಯಲಾರದೆ, ಅಲ್ಲಿ ನಿಮ್ಮವರು ಯಾರಿದ್ದಾರೆ ಎಂದು ದೊಡ್ಡಮ್ಮನನ್ನು ಕೇಳಿಯೇಬಿಟ್ಟರು.

"ವಹಾಂ ಆಪ್ ಕಾ ಕೌನ್ ಹೈ, ಬೆಹೆನ್‌ಜೀ?"

"ಕೋಯಿ ನಹೀಂ," ಎಂದಳು ದೊಡ್ಡಮ್ಮ. "ಯಾರೂ ನೋಡಲ್ಲವಲ್ಲ, ಇಸೀಲಿಯೇ ದೇಖನಾ ಪಡ್ತಾ ಹೈ, ನಾನೇ ನೋಡ್ಬೇಕು." ಅವಳಿಗೆ ಸಿಟ್ಟು ಬಂದಾಗ ಹಿಂದಿಯೊಳಗೆ ಕನ್ನಡ ನುಗ್ಗುತ್ತದೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹರೆಯದಲ್ಲೇ ಕೇಂದ್ರ ಸರ್ಕಾರದ ಗುಮಾಸ್ತೆಯಾಗಿ ದಿಲ್ಲಿಗೆ ಬಂದು, ಕರೋಲ್ ಬಾಗಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಸಂಸಾರ ಹೂಡಿ, ಅಧಿಕಾರಿಯಾಗಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಅವಳ ಸಹೋದ್ಯೋಗಿಗಳಿಗೆ ಚುನಾವಣೆ ಡ್ಯೂಟಿ ಬಿದ್ದರೆ ಸಾಕು, ಬೆನ್ನುನೋವು, ಬೀಪಿ, ಅತ್ತೆಯ ತಿಥಿ ಎಲ್ಲವೂ ಒಟ್ಟಿಗೆ ಬರುತ್ತಿದ್ದವು. ಇವಳು ಮಾತ್ರ ಮತ ಎಣಿಕೆಯ ಡ್ಯೂಟಿಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಕಾಗದದ ಮತಪತ್ರಗಳ ಕಾಲ ಅದು. ಪೆಟ್ಟಿಗೆ ಬಿಚ್ಚುವುದು, ಮತಪತ್ರಗಳನ್ನು ಬೇರೆಬೇರೆ ಮಾಡುವುದು, ಕಟ್ಟು ಕಟ್ಟುವುದು, ಅನುಮಾನ ಬಂದರೆ ಬಿಚ್ಚಿ ಮತ್ತೆ ಎಣಿಸುವುದು. ಆ ಮೇಜಿನ ಮುಂದೆ ಕೂತು ಅವಳು ಕಲಿತ ಪಾಠ ಒಂದೇ: ಎಣಿಸದೆ ಹೇಳಬಾರದು.

ಕಲಿತದ್ದನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ನಾವು ಸುಖವಾಗಿರುತ್ತಿದ್ದೆವು. ಅವಳು ಮನೆಗೆ ತಂದಳು. ಬಾಳೆಹಣ್ಣಿನ ಭಯ್ಯಾ "ಪೂರಾ ದರ್ಜನ್ ಹೈ ಮಾತಾಜಿ" ಎಂದರೆ ಇವಳು ತಳ್ಳುಗಾಡಿಯ ಮೇಲೇ ಎಣಿಸಲು ಶುರು ಮಾಡುತ್ತಾಳೆ. ಹಿಂದೆ ನಿಂತವರೆಲ್ಲ ಗೊಣಗಬೇಕು. ಭಯ್ಯಾ ಒಮ್ಮೆ ನೊಂದುಕೊಂಡು ಕೇಳಿದ, ನನ್ನ ಮೇಲೆ ಭರೋಸಾ ಇಲ್ಲವೇ ಎಂದು. ಅಂದೇ ಎಣಿಕೆಯಲ್ಲಿ ಒಂದು ಹಣ್ಣು ಹೆಚ್ಚಿಗೆ ಸಿಕ್ಕಿತು. ದೊಡ್ಡಮ್ಮ ಅದನ್ನು ಮುರಿದು ಅವನ ಕೈಗಿಟ್ಟಳು. ಈಗ ಅವನು ಹಣ್ಣು ಕೊಡುವಾಗ, ಎಣಿಸಿಕೊಳ್ಳಿ ಎಂದು ತಾನೇ "ಗಿನ್ ಲೀಜಿಯೇ" ಎನ್ನುತ್ತಾನೆ.

ಕ್ರಿಕೆಟ್ಟಿನದೂ ಇದೇ ಕಥೆ. ನಮ್ಮವರು, ಅಂದರೆ ನನ್ನ ಗಂಡ, ಐದು ಓವರ್ ಇರುವಾಗಲೇ "ಇನ್ನು ಗೆಲ್ಲೋದು ಕನಸು" ಎಂದು ಎದ್ದುಹೋಗುವ ಜಾತಿ. ದೊಡ್ಡಮ್ಮ ಕೊನೆಯ ಚೆಂಡಿನವರೆಗೆ ಕದಲುವುದಿಲ್ಲ. ಎಲ್ಲ ಮುಗಿದ ಮೇಲೆ ಒಳಗೆ ಬಂದು ವರದಿ ಒಪ್ಪಿಸುತ್ತಾಳೆ.

"ಸೋತ್ರು."

"ನಾನು ಆಗಲೇ ಹೇಳಿದ್ನಲ್ಲ ದೊಡ್ಡಮ್ಮ?"

"ನೀವು ಆಗ ಹೇಳಿದ್ರಿ. ಅವರು ಸೋತಿದ್ದು ಈಗ."

ಇನ್ನು ನಮ್ಮ ಸೊಸೈಟಿಯ ವಾರ್ಷಿಕ ಸಭೆ. ಹಳೆಯ ಅಧ್ಯಕ್ಷರನ್ನೇ ಮುಂದುವರಿಸೋಣ ಎಂದು ಯಾರೋ ಹೇಳಿದರು, ಎಲ್ಲರೂ ಕೈ ಎತ್ತಿದರು, ಸಮೋಸಾದ ತಟ್ಟೆಗಳು ಆಗಲೇ ಹೊರಟಿದ್ದವು. ದೊಡ್ಡಮ್ಮ ಎದ್ದು ನಿಂತು "ಗಿನ್‌ತೀ ಕಹಾಂ ಹುಯೀ? ಎಣಿಕೆ ಎಲ್ಲಾಯ್ತು?" ಎಂದಳು. ಸಮೋಸಾ ಅಲ್ಲೇ ನಿಂತಿತು. ಇವಳು ಸಾಲುಸಾಲಾಗಿ ನಡೆದು ಎಣಿಸಿದಾಗ ಗೊತ್ತಾಗಿದ್ದೇನೆಂದರೆ, ಇಬ್ಬರು ಮಹನೀಯರು ಎರಡೆರಡು ಕೈ ಎತ್ತಿದ್ದರು! ಎರಡನೆಯ ಕೈಗಳನ್ನು ಇಳಿಸಿದ ಮೇಲೂ ಅಧ್ಯಕ್ಷರೇ ಗೆದ್ದರು. ಹಾಗಾದರೆ ಇಷ್ಟು ರಗಳೆ ಯಾಕೆ ಬೇಕಿತ್ತು ಎಂದು ನಾನು ತಲೆ ತಗ್ಗಿಸಿಕೊಂಡು ಕೇಳಿದೆ. "ಅವರು ಗೆದ್ದಿದ್ದು ಅವರಿಗೂ ಗೊತ್ತಾಗ್ಲಿ ಅಂತ," ಎಂದು ಆರಿದ ಸಮೋಸಾ ಕಚ್ಚಿದಳು. ಅಂದಿನಿಂದ ಆ ಅಧ್ಯಕ್ಷರು ಇವಳನ್ನು ಕಂಡರೆ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತಾರೆ. ಗೌರವವೋ ಹೆದರಿಕೆಯೋ ನಾನು ವಿಚಾರಿಸಲಿಲ್ಲ.

ಇಂಥವಳಿಗೆ ವಯೋಮಿಂಗ್ ಗಂಟುಬಿದ್ದದ್ದು ಹೇಗೆ? ಅದಕ್ಕೆ ನನ್ನ ಮಗಳ ವಿಷಯ ಹೇಳಬೇಕು.

ಕೊರೊನಾ ವರ್ಷ ಅದು. ಒಬ್ಬಳೇ ಇದ್ದ ದೊಡ್ಡಮ್ಮನನ್ನು ನಾಲ್ಕು ದಿನಕ್ಕೆಂದು ನಮ್ಮ ಫ್ಲ್ಯಾಟಿಗೆ ಕರೆತಂದಿದ್ದೆವು. ಮಗಳಿಗೆ ಮೂರು ತುಂಬಿತ್ತು. ಒಂದೇ ಒಂದು ಮಾತು ಬಂದಿರಲಿಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ, ಬೇಕು ಬೇಡ ಏನೂ ಇಲ್ಲ. ಮನೆಯಲ್ಲಿ ಕನ್ನಡ, ಪಾರ್ಕಿನಲ್ಲಿ ಹಿಂದಿ, ಟೀವಿಯಲ್ಲಿ ಇಂಗ್ಲಿಷು, ಮಗು ಗಲಿಬಿಲಿಯಾಗಿದೆ ಎಂದರು ಕೆಲವರು. ನೀನು ಆಫೀಸಿಗೆ ಹೋಗಿದ್ದೇ ತಪ್ಪು ಎಂದರು ಇನ್ನು ಕೆಲವರು. ಫೋನಿನಲ್ಲಿ ಮಾತಾಡುವ ಬಂಧುಗಳು ಕೊನೆಕೊನೆಗೆ ಅವಳ ಹೆಸರು ಹೇಳುವ ಮೊದಲು "ಪಾಪ" ಎಂದು ಸೇರಿಸತೊಡಗಿದರು. ನನಗೆ ಎಲ್ಲಕ್ಕಿಂತ ಚುಚ್ಚುತ್ತಿದ್ದದ್ದು ಆ ಪಾಪ.

ಆ ನವೆಂಬರಿನಲ್ಲಿ ಒಬ್ಬ ದೊಡ್ಡ ಡಾಕ್ಟರ ಸಮಯ ಸಿಕ್ಕಿತು. ವಿಡಿಯೋ ಕರೆಯಲ್ಲಿ. ಲ್ಯಾಪ್‌ಟಾಪ್ ತೆರೆದದ್ದೇ ತಡ, ಮಗಳು ಹೋಗಿ ಊಟದ ಮೇಜಿನ ಕೆಳಗೆ ಕೂತಳು. ಡಾಕ್ಟರು ನಾನು ಕಳಿಸಿದ್ದ ಕಾಗದಗಳನ್ನು ನೋಡಿದರು, ನನ್ನನ್ನು ಎರಡು ಪ್ರಶ್ನೆ ಕೇಳಿದರು, ಮಗು ಮಾತಾಡುವ ಸಂಭವ ಕಡಿಮೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬಂದೆ. ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು.

"ಅವರು ಮಗೂನ ನೋಡಿದ್ರೇನೇ?"

"ಕ್ಯಾಮೆರಾದಲ್ಲಿ ನೋಡಿದ್ರು ದೊಡ್ಡಮ್ಮ."

"ಮಗು ಮೇಜಿನ ಕೆಳಗಿತ್ತಲ್ಲೇ."

ಅಷ್ಟೇ ಅವಳು ಹೇಳಿದ್ದು. ಮರುದಿನ ಬೆಳಿಗ್ಗೆ ಹೊರಗೆ ಎದುರಿನ ಟವರೇ ಕಾಣದಷ್ಟು ದಿಲ್ಲಿಯ ನವೆಂಬರ್ ಹೊಗೆ. ಕಿಟಕಿ ಮುಚ್ಚಿಕೊಂಡು ನಮ್ಮವರು ಅಮೆರಿಕದ ಫಲಿತಾಂಶ ಹಾಕಿಕೊಂಡು ಕೂತಿದ್ದರು. ಟೀವಿಯ ಸೂಟುಧಾರಿ ನಕ್ಷೆಯ ಮೇಲೆ ಬೆರಳಿಟ್ಟು ಇಲ್ಲಿ ಕೆಂಪು ಪಾರ್ಟಿ ಗೆದ್ದಿತು ಎಂದ, ಚೌಕದ ರಾಜ್ಯವೊಂದು ಫಕ್ಕನೆ ಕೆಂಪಾಯಿತು. ದೊಡ್ಡಮ್ಮನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

"ಅದರ ಪಕ್ಕದಲ್ಲಿ ಸೊನ್ನೆ ಅಂತಿದೆಯಲ್ಲ, ಏನದು?"

"ಎಣಿಕೆ ಇನ್ನೂ ಶುರುವಾಗಿಲ್ಲ ಅಂತ ದೊಡ್ಡಮ್ಮ," ಎಂದರು ನಮ್ಮವರು. "ಈಗ ತಾನೇ ಅಲ್ಲಿ ವೋಟಿಂಗ್ ಮುಗೀತು."

"ಮತ್ತೆ ಗೆದ್ರು ಅಂದ?"

"ಅದು ವಯೋಮಿಂಗ್. ಅಲ್ಲಿ ಎಣಿಸೋದೇ ಬೇಡ. ಎಲ್ಲರಿಗೂ ಗೊತ್ತಿರೋದೇ."

ದೊಡ್ಡಮ್ಮ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಪೆಟ್ಟಿಗೆ ಬಿಚ್ಚಿಲ್ಲ, ಒಂದು ವೋಟು ಮುಟ್ಟಿಲ್ಲ, ಎಲ್ಲರಿಗೂ ಏನ್ರೀ ಗೊತ್ತು?" ಎಂದು ಅವಳು ಎದ್ದಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಟೀವಿಯವನಿಗೆ ತಾನು ಎರಡು ಮಾತು ಹೇಳಲೇಬೇಕು ಎಂದು ಡಿಶ್ ಕಂಪನಿಯ ನಂಬರಿಗೆ ಫೋನು ಹಚ್ಚಿದಳು. ಆ ಕಡೆಯ ಹುಡುಗಿ ವಯೋಮಿಂಗಿನ ಅನ್ಯಾಯವನ್ನೆಲ್ಲ ಸಮಾಧಾನದಿಂದ ಕೇಳಿ, "ಮ್ಯಾಮ್, ಇದು ಯಾವ ಪ್ಯಾಕ್‌ನಲ್ಲಿ ಬರ್ತಾ ಇದೆ?" ಎಂಬ ಅರ್ಥದ ಪ್ರಶ್ನೆ ಕೇಳಿದಳು.

ಟೀವಿಯವರು ಮತ್ತೆ ಆ ರಾಜ್ಯದ ಕಡೆ ತಿರುಗಿ ನೋಡಲಿಲ್ಲ. ದೊಡ್ಡಮ್ಮ ನಮ್ಮವರಿಂದ ಲ್ಯಾಪ್‌ಟಾಪಿನಲ್ಲಿ ವಯೋಮಿಂಗಿನ ನಕ್ಷೆ ತೆರೆಸಿಕೊಂಡು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅಲ್ಲಿಯ ಜಿಲ್ಲೆಗಳಿಗೆ ಅವಳು ತಾಲ್ಲೂಕು ಎಂದೇ ಹೇಳುವುದು. ಸ್ವೀಟ್‌ವಾಟರ್ ಸಿಹಿನೀರು ತಾಲ್ಲೂಕಾಯಿತು, ಬಿಗ್ ಹಾರ್ನ್ ದೊಡ್ಡಕೊಂಬು ತಾಲ್ಲೂಕಾಯಿತು. ಒಂದೊಂದರ ಲೆಕ್ಕ ಪೂರ್ತಿಯಾದ ಹಾಗೆಲ್ಲ ಮಗುವಿನ ಬೆರಳು ಹಿಡಿದು ಅದರ ಮೇಲಿಟ್ಟು "ಬಂತು" ಎನ್ನುತ್ತಿದ್ದಳು. "ಸಿಹಿನೀರು ಬಂತು. ನೋಡು ಪುಟ್ಟೀ, ಇದೂ ಬಂತು." ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬುಡದ ಒಂದು ಜಿಲ್ಲೆ ಕೆಂಪಾಗದೆ ನೀಲಿಯಾಗಿ ಬಂದಾಗ ಅವಳ ಮುಖ ನೋಡಬೇಕಿತ್ತು.

"ನೀವು ನೀಲಿ ಪಾರ್ಟೀನಾ ದೊಡ್ಡಮ್ಮ?" ಎಂದು ನಮ್ಮವರು ರೇಗಿಸಿದರು.

"ನಾನು ಎಣಿಸೋ ಪಾರ್ಟಿ. ಎಲ್ಲಾ ಕೆಂಪು ಅಂದ್ರಲ್ಲ, ಇಲ್ಲೂ ಜನ ಇದ್ದಾರೆ ನೋಡಿ."

ಕೊನೆಗೆ ರಾಜ್ಯ ಟೀವಿಯವನು ಹೇಳಿದವರ ಪಾಲಿಗೇ ಹೋಯಿತು, ಅದೂ ಭಾರೀ ಅಂತರದಲ್ಲಿ. ದೊಡ್ಡಮ್ಮ ಒಂದಿಷ್ಟೂ ಪೆಚ್ಚಾಗಲಿಲ್ಲ. "ಈಗ ಗೆದ್ರು" ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಮಗಳು ಅಂದೇ ಬಾಯಿ ಬಿಟ್ಟಳು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಆದರೆ ನಾಲ್ಕು ದಿನಕ್ಕೆಂದು ಬಂದ ದೊಡ್ಡಮ್ಮ ವಾಪಸು ಹೋಗುವ ಮಾತೆತ್ತಲಿಲ್ಲ. ಲಕ್ಷ್ಮೀ ನಗರದಲ್ಲಿ, ಕೋಚಿಂಗ್ ಸೆಂಟರುಗಳ ಬೋರ್ಡುಗಳ ನಡುವೆ ಕಿಷ್ಕಿಂಧೆಯಂಥ ಒಂದು ಮಹಡಿಯ ಮೇಲೆ ಮಕ್ಕಳಿಗೆ ಮಾತು ಕಲಿಸುವ ಹುಡುಗಿಯೊಬ್ಬಳನ್ನು ಪತ್ತೆ ಹಚ್ಚಿದಳು. ಮುಖಕ್ಕೆ ಎರಡೆರಡು ಮಾಸ್ಕು ಕಟ್ಟಿಕೊಂಡು ಆಟೋದಲ್ಲಿ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದಳು. ಆ ಹುಡುಗಿ ಮಗುವಿನ ಜೊತೆ ನೆಲದ ಮೇಲೆ ಕೂರುತ್ತಾಳೆ ಎಂಬುದೇ ದೊಡ್ಡಮ್ಮ ಅವಳಿಗೆ ಕೊಟ್ಟ ಸರ್ಟಿಫಿಕೇಟು. ಮನೆಯಲ್ಲಂತೂ ಬೆಳಗಾದರೆ ವಯೋಮಿಂಗ್ ಮುಂದುವರಿಯುತ್ತಿತ್ತು. ಹಾಲು ಬಂತು. ಕಾಗೆ ಬಂತು. ಬಿಸಿಲು ಬಂತು. ಕಸದ ಗಾಡಿ ಬಂತು. ನಮ್ಮವರು ಕಚೇರಿಯ ಮೀಟಿಂಗಿನಲ್ಲಿ ಬಾಯಿತಪ್ಪಿ "ಫೈಲ್ ಬಂತು" ಎಂದು ಬೈಸಿಕೊಂಡರು.

ಚಳಿ ಕಳೆದು ಹೋಳಿ ಹತ್ತಿರವಾಗಿತ್ತು. ನಾವು ಮೂವರೂ ಲಿಫ್ಟಿಗೆ ಕಾಯುತ್ತಿದ್ದೆವು. ಬಾಗಿಲು ತೆರೆಯಿತು. ದೊಡ್ಡಮ್ಮ ಎಂದಿನಂತೆ ಬಾಯಿ ತೆರೆಯುವ ಮೊದಲೇ ಕೆಳಗಿನಿಂದ, ಮೊಣಕಾಲಿನ ಎತ್ತರದಿಂದ, ಸ್ವಲ್ಪ ಒರಟಾದ ಒಂದು ದನಿ ಕೇಳಿತು.

"ಬಂತು."

ನಾನು ಮಗಳ ಮುಖ ನೋಡಲೆಂದು ಅಲ್ಲೇ ನೆಲದ ಮೇಲೆ ಕೂತೆ. ಲಿಫ್ಟು ಸ್ವಲ್ಪ ಹೊತ್ತು ನಮಗಾಗಿ ಕಾದು, ಬೇಸತ್ತು, ಹೊರಟುಹೋಯಿತು. ದೊಡ್ಡಮ್ಮ ಹಿಗ್ಗಲಿಲ್ಲ, ಅಳಲಿಲ್ಲ, ಮಗುವನ್ನು ಎತ್ತಿ ಮುದ್ದಾಡಲೂ ಇಲ್ಲ.

"ಒಂದು ಬಂತು," ಎಂದಳು. "ಏಳೇ, ಎಣಿಕೆ ಇನ್ನೂ ಇದೆ."

ಆಮೇಲಿನದನ್ನು ಎಣಿಸುವುದು ಯಾರಿಂದಲೂ ಆಗದು. ಆ ಮಗಳಿಗೆ ಈಗ ಏಳು ವರ್ಷ. ಬೆಳಿಗ್ಗೆ ಬಾಯಿ ತೆರೆದರೆ ಮೂರು ಭಾಷೆಯಲ್ಲಿ ಮಾತಾಡಿ, ನಿದ್ದೆಯಲ್ಲೂ ಅಷ್ಟಿಷ್ಟು ಮುಂದುವರಿಸುತ್ತಾಳೆ. ಅವಳ ಕ್ಲಾಸ್ ಟೀಚರು ನನ್ನನ್ನು ಕರೆಸಿ, ನಿಮ್ಮ ಮಗಳ ಮಾತಿನಿಂದ ಪಾಠ ನಡೆಯುತ್ತಿಲ್ಲ ಎಂದು ದೂರಿದಾಗ ನಾನು ಅವರ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿ ಬಂದೆ. ಅವರು ಇನ್ನೂ ನನ್ನನ್ನು ಒಂದು ಥರಾ ನೋಡುತ್ತಾರೆ.

ಮೊನ್ನೆಯ ಅಮೆರಿಕದ ಚುನಾವಣೆಯ ಫಲಿತಾಂಶದ ದಿನ ಮತ್ತೆ ಅದೇ ಹೊಗೆ, ಅದೇ ಮುಚ್ಚಿದ ಕಿಟಕಿ. ಮಗಳು ಇಲ್ಲದ ಕೆಮ್ಮು ಕೆಮ್ಮಿ ಸ್ಕೂಲಿಗೆ ಚಕ್ಕರ್ ಹಾಕಿದ್ದಳು. ಸೂಟುಧಾರಿ ಚೌಕಕ್ಕೆ ಕೆಂಪು ಬಳಿದ ಕೂಡಲೇ ದೊಡ್ಡಮ್ಮನಿಗಿಂತ ಮೊದಲು ಅವಳೇ ಸೋಫಾದ ಮೇಲೆ ಎದ್ದು ನಿಂತಳು. "ಅರೇ ಅಂಕಲ್, ಅಭೀ ತೋ ಗಿನಾ ಭೀ ನಹೀಂ! ಇನ್ನೂ ಎಣಿಸೇ ಇಲ್ಲ!" ದೊಡ್ಡಮ್ಮ ಉಪ್ಪಿಟ್ಟು ತಿನ್ನುತ್ತಿದ್ದಳು.

ಆಮೇಲೆ ಇಬ್ಬರೂ ನಕ್ಷೆಯ ಮುಂದೆ ಕೂತರು. ದೊಡ್ಡಮ್ಮನಿಗೆ ಎರಡೂ ಕಣ್ಣಿನ ಆಪರೇಷನ್ ಆಗಿದೆ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ಆದರೂ "ನಂಗೆ ಅಷ್ಟು ಸಣ್ಣಕ್ಷರ ಕಾಣಲ್ಲ ಪುಟ್ಟೀ, ನೀನೇ ಓದು" ಎಂದಳು. ಮಗಳು ಓದತೊಡಗಿದಳು. "ದೊಡ್ಡಜ್ಜಿ, ಸಿಹಿನೀರು ಬಂತು. ಯೇ ವಾಲಾ ಭೀ ಬಂತು." ನಾನು ಕಾಫಿ ತೆಗೆದುಕೊಂಡು ಹೋದವಳು ಅಲ್ಲೇ ನಿಂತೆ. ಇಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಇವತ್ತಾದರೂ ಹೇಳಿಬಿಡೋಣ ಎನಿಸಿತು.

"ದೊಡ್ಡಮ್ಮ, ಅವತ್ತು ನೀನೊಬ್ಬಳು ಇಲ್ಲದೇ ಹೋಗಿದ್ರೆ..."

"ಸುಮ್ನಿರೇ. ದೊಡ್ಡಕೊಂಬು ಇನ್ನೂ ಬಂದಿಲ್ಲ."

ನಾನು ಕಾಫಿ ಲೋಟವನ್ನು ಅವಳ ಪಕ್ಕದಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ಮಗಳು ಪರದೆಯ ಮೇಲೆ ಬೆರಳಿಟ್ಟು, "ದೊಡ್ಡಕೊಂಬು ಬಂತು ದೊಡ್ಡಜ್ಜಿ, ಎಲ್ಲಾ ಬಂತು" ಎಂದಳು. ದೊಡ್ಡಮ್ಮ ನಕ್ಷೆಯ ಕಡೆ ನೋಡುತ್ತಲೇ ಇರಲಿಲ್ಲ. ಅವಳು ಮಗಳ ಬಾಯಿಯನ್ನೇ ನೋಡುತ್ತಾ ಕೂತಿದ್ದಳು.